ಮಿದುಳಿಗೆ ಮರುಪಾಠ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನಗೆ ಕೊಟ್ಟಿರುವ ವಿಷಯ 'ಕಂಪ್ಯೂಟರ್ ಮತ್ತು ಕಲಿಕೆ'. ಈ ವಿಷಯವೆಂದರೆ ಸಾಮಾನ್ಯವಾಗಿ ಶಾಲೆಯ ಮಕ್ಕಳ ಬಗ್ಗೆ ಮಾತನಾಡುತ್ತಾರೆ. ನಾನು ಇಂದು ಹೇಳಲಿರುವ ವಿದ್ಯಾರ್ಥಿಗೆ 61 ವರ್ಷ. ಅವರು ನನ್ನ ಮಾಮು, ನನ್ನ ತಾಯಿಯ ತಮ್ಮ.

ಮಾಮು ಕೊಳ್ಳೇಗಾಲದಲ್ಲಿ ಒಂದು ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡವರು. ಮೂವತ್ತು ವರ್ಷ ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ಗಿರಾಕಿ ಸಾಮಾನು ಹೇಳುತ್ತಿದ್ದ ಹಾಗೆಯೇ ಮೊತ್ತ ಅವರ ಬಾಯಲ್ಲಿ ಸಿದ್ಧವಾಗಿರುತ್ತಿತ್ತು. ಒಂದು ಬೆಳಿಗ್ಗೆ ಅವರ ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು, ಮಾತು ತೊದಲಿತು. ಲಕ್ವ ಹೊಡೆದಿತ್ತು. ನಾವು ಮಾಡಿದ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ಮೊದಲು ಎಣ್ಣೆ ತಿಕ್ಕುವವರ ಬಳಿಗೆ ಕರೆದುಕೊಂಡು ಹೋದೆವು. ಆಸ್ಪತ್ರೆ ಸೇರುವಾಗ ಸಂಜೆಯಾಗಿತ್ತು. ಮಿದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತು ನಮ್ಮ ಕೈ ಮೀರಿತ್ತು. ವಿದ್ಯಾರ್ಥಿಗಳೇ, ಬೇರೇನು ಮರೆತರೂ ಇದನ್ನು ಮರೆಯಬೇಡಿ: ಮುಖ ವಾರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಮೊದಲು 108ಕ್ಕೆ ಕರೆ ಮಾಡಿ.

ದೇವರ ದಯೆಯಿಂದ ಮಾಮು ಉಳಿದರು. ಕೆಲವು ತಿಂಗಳಲ್ಲಿ ನಡೆದಾಡಿದರು. ನೋಡಲು ಬಂದವರೆಲ್ಲ 'ಪೂರ್ತಿ ಗುಣವಾಗಿದ್ದಾರೆ' ಎಂದರು. ಅಂಗಡಿಯಲ್ಲಿ ಕೂತ ಮೊದಲ ದಿನವೇ ನಿಜ ತಿಳಿಯಿತು. ಒಬ್ಬರು 63 ರೂಪಾಯಿ ಸಾಮಾನಿಗೆ 100ರ ನೋಟು ಕೊಟ್ಟರು. ಮಾಮು ನೋಟನ್ನೇ ನೋಡುತ್ತಾ ಕುಳಿತರು, ಕಣ್ಣಲ್ಲಿ ನೀರು ಬಂತು. ಮರುದಿನದಿಂದ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವಳು ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದ ಅವರ ಮಗಳು. 'ಇನ್ನು ಓದು ಸಾಕು, ಮನೆ ನಡೆಯಬೇಕಲ್ಲ' ಎಂದು ಹಿರಿಯರು ತೀರ್ಮಾನಿಸಿದರು. ತಂದೆಯ ಮಿದುಳಿಗೆ ಬಿದ್ದ ಪೆಟ್ಟು ಮಗಳ ಓದಿಗೂ ಬಿತ್ತು. ಆದ್ದರಿಂದಲೇ ಈ ವಿಷಯವನ್ನು ಶಿಕ್ಷಣ ಸಂಸ್ಥೆಯ ವೇದಿಕೆಯಲ್ಲಿ ಹೇಳುತ್ತಿದ್ದೇನೆ.

ಕೈಕಾಲಿನ ಸೋಲು ಕಣ್ಣಿಗೆ ಕಾಣುತ್ತದೆ. ಗಮನ, ನೆನಪು, ಲೆಕ್ಕ, ಯೋಜನೆ ಇವುಗಳ ಸೋಲು ಕಾಣುವುದಿಲ್ಲ. ಲಕ್ವವಾಗಲಿ, ಬೈಕಿನಿಂದ ಬಿದ್ದು ತಲೆಗೆ ಆದ ಪೆಟ್ಟಾಗಲಿ, ಮಿದುಳಿನ ಜ್ವರವಾಗಲಿ ಇವುಗಳನ್ನು ಕೆಡಿಸಬಹುದು. ಆಗ ರೋಗಿಯನ್ನು 'ಸೋಮಾರಿ', 'ಹಟಮಾರಿ' ಎಂದು ಕರೆಯುತ್ತೇವೆ. ಸತ್ತ ನರಕೋಶಗಳು ಮತ್ತೆ ಎದ್ದು ಬರುವುದಿಲ್ಲ ಎಂಬುದು ನಿಜ. ಆದರೆ ಉಳಿದ ಕೋಶಗಳು ಅಭ್ಯಾಸದಿಂದ ಹೊಸ ಸಂಪರ್ಕಗಳನ್ನು ಕಟ್ಟಿಕೊಂಡು ಆ ಕೆಲಸದ ಒಂದು ಪಾಲನ್ನು ಹೊತ್ತುಕೊಳ್ಳಬಲ್ಲವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲೆಕ್ಸಾಂಡರ್ ಲೂರಿಯಾ ಎಂಬ ರಷ್ಯನ್ ಮನೋವಿಜ್ಞಾನಿ ತಲೆಗೆ ಗುಂಡು ತಗುಲಿದ ಸೈನಿಕರಿಗೆ ಓದು, ಬರಹ, ಮಾತುಗಳನ್ನು ಮತ್ತೆ ಕಲಿಸುವ ಕ್ರಮವನ್ನು ರೂಪಿಸಿದರು. ಆಗ ಅವರ ಬಳಿ ಕಂಪ್ಯೂಟರ್ ಇರಲಿಲ್ಲ.

ಕಂಪ್ಯೂಟರ್ ಆಮೇಲೆ ಬಂತು. ಮಾಮುವನ್ನು ಮೈಸೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನೇ ಪಕ್ಕದಲ್ಲಿ ಕುಳಿತು ನೋಡಿದೆ. ಪರದೆಯ ಮೇಲೆ ಹಲವು ಚಿತ್ರಗಳು ಹಾದುಹೋಗುತ್ತವೆ, ನಕ್ಷತ್ರ ಕಂಡಾಗ ಮಾತ್ರ ಗುಂಡಿ ಒತ್ತಬೇಕು. ಇದು ಗಮನದ ಪಾಠ. ಮುಚ್ಚಿದ ಎಲೆಗಳಲ್ಲಿ ಜೋಡಿ ಎಲ್ಲಿದೆ ಎಂದು ಹುಡುಕಬೇಕು. ಇದು ನೆನಪಿನ ಪಾಠ. ಸರಿ ಉತ್ತರ ಹೆಚ್ಚಾದರೆ ಯಂತ್ರ ಪಾಠವನ್ನು ತುಸು ಕಠಿಣ ಮಾಡುತ್ತದೆ, ತಪ್ಪು ಹೆಚ್ಚಾದರೆ ಸುಲಭ ಮಾಡುತ್ತದೆ. ಎಷ್ಟು ತಪ್ಪಾಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡುತ್ತದೆ. ನೂರು ಸಲ ತಪ್ಪಿದರೂ ಗದರುವುದಿಲ್ಲ. ನಲವತ್ತೈದು ಮಕ್ಕಳ ತರಗತಿ ನಡೆಸುವ ನನಗೆ ಆ ತಾಳ್ಮೆ ಕಂಡು ನಾಚಿಕೆಯಾಯಿತು.

ಆರು ವಾರಗಳಲ್ಲಿ ಮಾಮು ಪರದೆಯ ಮೇಲೆ ಚೆನ್ನಾಗಿ ಅಂಕ ಗಳಿಸಿದರು. ನಾವು ಸಂಭ್ರಮಪಟ್ಟೆವು. ಅಂಗಡಿಗೆ ಬಂದರೆ 100ರ ನೋಟಿನ ಮುಂದೆ ಮತ್ತೆ ಅದೇ ಮೌನ! ಶಿಕ್ಷಕ ಮಿತ್ರರೇ, ಇದು ನಮಗೆ ಹೊಸದೇ? ಏಳರ ಮಗ್ಗಿಯನ್ನು ಗಡಗಡನೆ ಒಪ್ಪಿಸುವ ಹುಡುಗನಿಗೆ 'ಒಂದು ಪೆನ್ನಿಗೆ 8 ರೂಪಾಯಿಯಾದರೆ 7 ಪೆನ್ನಿಗೆ ಎಷ್ಟು?' ಎಂದು ಕೇಳಿದರೆ ತಬ್ಬಿಬ್ಬಾಗುವುದಿಲ್ಲವೇ? ಮಗ್ಗಿ ಬಂತು, ವ್ಯವಹಾರ ಬರಲಿಲ್ಲ. ಇಲ್ಲಿಯೂ ಹಾಗೆಯೇ.

ಇದು ನಮ್ಮ ಮನೆಯೊಂದರ ಅನುಭವವಲ್ಲ. ತಲೆಪೆಟ್ಟಿನ ನಂತರದ ಚೇತರಿಕೆಗಾಗಿ ಹಲವು ದೇಶಗಳ ತಜ್ಞರು 'ಇನ್‌ಕಾಗ್' ಎಂಬ ಹೆಸರಿನಲ್ಲಿ 2014ರಲ್ಲಿ ಮಾರ್ಗಸೂಚಿ ಪ್ರಕಟಿಸಿ, 2023ರಲ್ಲಿ ಪರಿಷ್ಕರಿಸಿದರು. ನಿತ್ಯಜೀವನಕ್ಕೆ ಸಂಬಂಧವಿಲ್ಲದ ಕಂಪ್ಯೂಟರ್ ಅಭ್ಯಾಸವನ್ನೇ ನೆಚ್ಚಿಕೊಂಡು ಗಮನಶಕ್ತಿಯನ್ನು ಸರಿಪಡಿಸಹೊರಡುವುದು ಬೇಡ ಎಂಬುದು ಅವರ ಸಲಹೆ. ಅಮೆರಿಕದಲ್ಲಿ ಮಿದುಳಿನ ಆಟಗಳನ್ನು ಮಾರುವ 'ಲುಮೋಸಿಟಿ' ಕಂಪನಿಯ ಮೇಲೆ ಜಾಹೀರಾತಿನಲ್ಲಿ ಆಧಾರವಿಲ್ಲದ ಭರವಸೆ ಕೊಟ್ಟಿತೆಂಬ ಆರೋಪ ಬಂದು, ಅದು 2016ರಲ್ಲಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಹಾಗಾಗಿ ಯಾರಾದರೂ 'ಈ ಸಿ.ಡಿ. ಕೊಳ್ಳಿ, ಈ ಆ್ಯಪ್ ಹಾಕಿಕೊಳ್ಳಿ, ಮೂರು ತಿಂಗಳಲ್ಲಿ ಮಿದುಳು ಮೊದಲಿನಂತಾಗುತ್ತದೆ' ಎಂದರೆ ಬಂಗಾರ ಅಡವಿಟ್ಟು ದುಡ್ಡು ಕೊಡಬೇಡಿ.

ಹಾಗಾದರೆ ಕಂಪ್ಯೂಟರ್ ಬೇಡವೇ? ಬೇಕು. ಆದರೆ ಅದು ಕಪ್ಪುಹಲಗೆ, ಮೇಷ್ಟರಲ್ಲ. ನಮ್ಮ ರಾಜ್ಯದ ಉದಾಹರಣೆಯನ್ನೇ ನೋಡಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಶೋಭಿನಿ ರಾವ್ ಮುಂತಾದ ನರಮನೋವಿಜ್ಞಾನಿಗಳು ಮಿದುಳಿನ ಮರುತರಬೇತಿಯನ್ನು ಬೆಳೆಸಿದರು. ಅಲ್ಲಿ ಕಾಗದ ಪೆನ್ಸಿಲ್ಲಿನ ಅಭ್ಯಾಸಗಳೂ ಇದ್ದವು. ಸಾಲುಸಾಲು ಅಕ್ಷರಗಳ ನಡುವೆ ಹೇಳಿದ ಅಕ್ಷರವನ್ನು ಮಾತ್ರ ಹುಡುಕಿ ಹೊಡೆದುಹಾಕುವುದು ಒಂದು. ಬೆರೆಸಿಟ್ಟ ಕಾಳುಗಳನ್ನು ಬಗೆಬಗೆಯಾಗಿ ಬೇರ್ಪಡಿಸುವುದು ಇನ್ನೊಂದು. ಮನೆಯಲ್ಲಿಯೇ ನಡೆಸುವ ತರಬೇತಿಯನ್ನೂ ಅಲ್ಲಿನವರು ರೂಪಿಸಿ ಪರೀಕ್ಷಿಸಿದ್ದಾರೆ. ಕಾಳು ಬೇರ್ಪಡಿಸುವ ಮಾತು ಕೇಳಿದಾಗ ನನ್ನ ಮುಮಾನಿ ನಕ್ಕುಬಿಟ್ಟರು: 'ನಮ್ಮ ಅಂಗಡಿಯಲ್ಲೇ ಆಸ್ಪತ್ರೆ ಇದೆಯಲ್ಲ!'

ಮೈಸೂರಿನ ಆಸ್ಪತ್ರೆಯವರೂ ಅದನ್ನೇ ಹೇಳಿದರು: 'ಇಲ್ಲಿ ಪರದೆಯ ಮೇಲೆ ಕಲಿತದ್ದನ್ನು ಅಲ್ಲಿ ತಕ್ಕಡಿಯ ಮುಂದೆ ಕಲಿಸಿ.' ನಾವು ಹೀಗೆ ಮಾಡಿದೆವು. ದಿನಕ್ಕೆ ಅರ್ಧ ಗಂಟೆ ಕಂಪ್ಯೂಟರ್, ಅರ್ಧ ಗಂಟೆ ಅಂಗಡಿಯಾಟ. ಮೊದಲ ವಾರ ಹೆಸರುಕಾಳು, ಕಡಲೆ ಎರಡೇ ಬಗೆ, ಸುತ್ತ ಮೌನ. ಆಮೇಲೆ ನಾಲ್ಕು ಬಗೆ. ಆಮೇಲೆ ರೇಡಿಯೋ ಹಾಡುತ್ತಿರುವಾಗ. ಚಿಲ್ಲರೆಗೆ ಮೊದಲು 10 ರೂಪಾಯಿ, ಅದು ಸಲೀಸಾದ ಮೇಲೆ 20, ನಂತರ 50. ಮಗಳು ಗಿರಾಕಿಯಾದಳು. ತಪ್ಪಾದರೆ ಉತ್ತರ ಹೇಳಿಕೊಡುವಂತಿಲ್ಲ, ಸುಳಿವು ಮಾತ್ರ. ದಣಿದರೆ ಅಲ್ಲಿಗೇ ನಿಲ್ಲಿಸಬೇಕು. ತಪ್ಪುಗಳ ಸಂಖ್ಯೆಯನ್ನು ಯಂತ್ರದ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು.

ಇಲ್ಲಿ ಭಾಷೆಯ ಪ್ರಶ್ನೆ ಬಂತು. ಆಸ್ಪತ್ರೆಯ ಆ ಕಂಪ್ಯೂಟರಿನ ಪಾಠದಲ್ಲಿದ್ದ ಪದಗಳು ಇಂಗ್ಲಿಷಿನವು. ಮಾಮುಗೆ ಮನೆ ಮಾತು ಉರ್ದು, ಅಂಗಡಿ ಮಾತು ಕನ್ನಡ. ಲೋಟ, ತಲೆದಿಂಬುಗಳ ಹೆಸರು ಉರ್ದುವಿನಲ್ಲಿ ನಾಲಿಗೆಗೆ ಬರುತ್ತಿತ್ತು, ಕಾಲು ಕೆ.ಜಿ., ಅರ್ಧ ಕೆ.ಜಿ. ಕನ್ನಡದಲ್ಲಿ ಬರುತ್ತಿತ್ತು. 'ಒಂದೇ ಭಾಷೆ ಸಾಕು, ಎರಡಾದರೆ ಗೊಂದಲ' ಎಂದು ನೆಂಟರು ಹೇಳಿದರು. ಎರಡೂ ಭಾಷೆ ಕಲಿಸಿ ಹೊಟ್ಟೆ ಹೊರೆಯುವ ನಾನು ಒಪ್ಪಲಿಲ್ಲ. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯ ರೋಗಿಗಳ ಬಗ್ಗೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲಕ್ವ ಹೊಡೆದ 608 ಜನರಲ್ಲಿ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರ ಪೈಕಿ ಶೇ. 40.5 ಮಂದಿಯ ಬುದ್ಧಿಶಕ್ತಿ ಸಹಜವಾಗಿ ಉಳಿದಿತ್ತು, ಒಂದೇ ಭಾಷೆಯವರಲ್ಲಿ ಶೇ. 19.6 ಮಂದಿಗೆ ಮಾತ್ರ. ಮಾತೇ ಕೆಡುವ ತೊಂದರೆ ಮಾತ್ರ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮನಾಗಿತ್ತು. ಎರಡು ಭಾಷೆ ಲಕ್ವಕ್ಕೆ ತಾಯಿತವಲ್ಲ, ಆದರೆ ಹೊರೆಯಂತೂ ಅಲ್ಲ. ಕನ್ನಡ, ಉರ್ದು ಎರಡನ್ನೂ ಕಲಿಯುತ್ತಿರುವ ಮಕ್ಕಳೇ, ಇದನ್ನು ನೆನಪಿಡಿ.

ನಾನು ಅಕ್ಷರ ಹೊಡೆಯುವ ಹಾಳೆಗಳನ್ನು ಎರಡೂ ಲಿಪಿಯಲ್ಲಿ ತಯಾರಿಸಿದೆ. ಉರ್ದುವಿನ ಬೇ, ಪೇ, ತೇ ಅಕ್ಷರಗಳಿಗೆ ಒಂದೇ ಆಕಾರ, ಚುಕ್ಕಿಗಳಷ್ಟೇ ಬೇರೆ. ಕನ್ನಡದ ಪ, ಫ, ಷ ಗಳೂ ಹಾಗೆಯೇ ಅಕ್ಕತಂಗಿಯರು. ಗಮನದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಯಾವುದಿದೆ? ಇನ್ನೊಂದು ಮಾತು. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಬದಿಯ ಕಡೆ ಗಮನವೇ ಹೋಗುವುದಿಲ್ಲ. ಅಂಥವರು ಕನ್ನಡ ಓದುವಾಗ ಸಾಲಿನ ಆರಂಭವನ್ನು ಬಿಡುತ್ತಾರೆ, ಉರ್ದು ಓದುವಾಗ ಸಾಲಿನ ಕೊನೆಯನ್ನು ಬಿಡುತ್ತಾರೆ. ಅದು ಕಣ್ಣಿನ ದೋಷವೂ ಅಲ್ಲ, ಅಲಕ್ಷ್ಯವೂ ಅಲ್ಲ. ಸಾಲಿನ ಎಡ ಅಂಚಿಗೆ ಕೆಂಪು ಗೆರೆ ಎಳೆದು, ಅದನ್ನು ಹುಡುಕಿಕೊಂಡು ಓದಲು ಹೇಳಿಕೊಡುತ್ತಾರೆ.

ಈಗ ಮಾಮು ಹೇಗಿದ್ದಾರೆ? ಉತ್ಪ್ರೇಕ್ಷೆ ಮಾಡುವುದಿಲ್ಲ. ಹಳೆಯ ಮಾಮು ಮರಳಿ ಬಂದಿಲ್ಲ. ತಿಂಗಳ ಸಾಲದ ಲೆಕ್ಕವನ್ನು ಮಗಳೇ ನೋಡುತ್ತಾಳೆ. ಆದರೆ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಅಂಗಡಿ ಅವರದೇ. ಪಕ್ಕದಲ್ಲಿ ಧಾರಣೆಯ ಚೀಟಿ, ಮೇಜಿನ ಮೇಲೆ ಕ್ಯಾಲ್ಕುಲೇಟರ್. ನಿಧಾನವಾಗಿ ಚಿಲ್ಲರೆ ಎಣಿಸಿ ಕೊಡುತ್ತಾರೆ. ಗಿರಾಕಿಗಳು ಕಾಯುತ್ತಾರೆ. ಆ ನಾಲ್ಕು ಗಂಟೆಗಳಲ್ಲಿ ಮಗಳು ಕಾಲೇಜಿಗೆ ಹೋದಳು. ಒಂದು ವರ್ಷ ತಡವಾದರೂ ಅಂತಿಮ ಪರೀಕ್ಷೆ ಬರೆದು ಪಾಸಾದಳು. ನನ್ನ ಪಾಲಿಗೆ ಈ ತರಬೇತಿಯ ಅಂಕಪಟ್ಟಿ ಎಂದರೆ ಅದೇ.

ಸಂಘದ ಹಿರಿಯರಲ್ಲಿ ಎರಡು ಬೇಡಿಕೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಇಂಥ ರೋಗಿಯಿರುವ ಮನೆಗಳನ್ನು ಗುರುತಿಸೋಣ. ಅವರನ್ನು ಒಮ್ಮೆಯಾದರೂ ತಜ್ಞರಿಗೆ ತೋರಿಸಲು ಬಸ್ ಖರ್ಚಿಗೆ ನೆರವಾಗೋಣ. ಚಾಮರಾಜನಗರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಯಾವ ಅಭ್ಯಾಸ, ಎಷ್ಟು ಹೊತ್ತು ಎಂಬುದನ್ನು ತಜ್ಞರೇ ಹೇಳಬೇಕು, ನಾವಲ್ಲ. ಎರಡನೆಯದು, ಅವರು ಹೇಳಿದ ಅಭ್ಯಾಸ ನಡೆಸಲು ಸಂಘದ ಒಂದು ಹಳೆಯ ಕಂಪ್ಯೂಟರನ್ನೂ ಎರಡು ಲಿಪಿಯ ಹಾಳೆಗಳನ್ನೂ ಆ ಮನೆಗಳಿಗೆ ಸರದಿಯಂತೆ ಕೊಡೋಣ. ಹಾಳೆ ಬರೆದುಕೊಡುವ ಹೊಣೆ ನನ್ನದು.

ವಿದ್ಯಾರ್ಥಿಗಳೇ, ನಿಮ್ಮ ಬೀದಿಯಲ್ಲಿ ಮಾತು ಮರೆತ ಒಬ್ಬ ಚಾಚಾ, ದಾರಿ ಮರೆತ ಒಬ್ಬ ಅಣ್ಣ ಇರಬಹುದು. ವಾರಕ್ಕೆ ಎರಡು ಸಂಜೆ ಅವರ ಎದುರು ಕುಳಿತುಕೊಳ್ಳಿ. ಯಂತ್ರಕ್ಕಿರುವ ತಾಳ್ಮೆಯನ್ನು ಅದರಿಂದ ಕಲಿಯಿರಿ. ಅವರು ಸರಿಯಾಗಿ ಎಣಿಸಿ ಕೊಟ್ಟ ಮೊದಲ ಚಿಲ್ಲರೆಯನ್ನು ಕಂಡು ಸಂತೋಷಪಡುವುದು ಮಾತ್ರ ಯಂತ್ರಕ್ಕೆ ಬಾರದು. ಅದು ನಿಮ್ಮ ಕೆಲಸ.