ಮೇವು ಕತ್ತರಿಸುವ ಯಂತ್ರದ ಮೋಟಾರು ತಿರುಗದಿದ್ದಾಗ



ಸಂಜೆ ದನಗಳಿಗೆ ಮೇವು ಹಾಕುವ ಹೊತ್ತಿಗೇ ಯಂತ್ರ ನಿಂತುಹೋಗುವುದುಂಟು. ಗಡಿಬಿಡಿಯಲ್ಲಿ ಅಲಗಿನ ಬಳಿ ಕೈ ಹಾಕಬೇಡಿರಿ. ಹೋದ ಕರೆಂಟು ಯಾವ ಗಳಿಗೆಯಲ್ಲಾದರೂ ಬಂದೀತು. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳಬೇಕು.

ಸಿಂಗಲ್ ಫೇಸ್ ಮೋಟಾರು ಸದ್ದೇ ಮಾಡದಿದ್ದರೆ ಅದೇ ಪಾಯಿಂಟಿನಲ್ಲಿ ಬಲ್ಬು ಹಚ್ಚಿ ನೋಡಿರಿ. ಟೆಸ್ಟರನ್ನು ನಂಬುವಂತಿಲ್ಲ, ನ್ಯೂಟ್ರಲ್ ತಂತಿ ತುಂಡಾಗಿದ್ದರೂ ಅದು ಉರಿಯುತ್ತದೆ. ಬಲ್ಬು ಚೆನ್ನಾಗಿ ಉರಿದರೆ ದೋಷ ಯಂತ್ರದ ಕಡೆಯದು: ಪ್ಲಗ್ಗಿನೊಳಗೆ ಸಡಿಲವಾದ ತಿರುಪು, ಇಲಿ ಕಡಿದ ವಯರು, ದೂಳು ತುಂಬಿದ ಸ್ವಿಚ್ಚು.

ಮೋಟಾರು ಗುಂಯ್‌ಗುಟ್ಟುತ್ತ ತಿರುಗದೆ ನಿಂತರೆ ತಕ್ಷಣ ಆರಿಸಿರಿ, ಇಲ್ಲವಾದರೆ ವೈಂಡಿಂಗ್ ಸುಟ್ಟುಹೋಗುತ್ತದೆ. ಪ್ಲಗ್ಗು ಕಿತ್ತು, ಬೆಲ್ಟು ಬಿಚ್ಚಿ, ಮೋಟಾರಿನ ರಾಟೆಯನ್ನು ಕೈಯಿಂದ ತಿರುಗಿಸಿರಿ. ಬಿಗಿಯಾಗಿದ್ದರೆ ಬೇರಿಂಗ್ ಕೆಟ್ಟಿರಬಹುದು. ಸರಾಗವಾಗಿದ್ದರೆ ಬೆಲ್ಟಿಲ್ಲದೆ ಒಮ್ಮೆ ಚಾಲೂ ಮಾಡಿರಿ. ಓಡಿತೋ, ಯಂತ್ರದಲ್ಲಿ ಮೇವು ಸಿಕ್ಕಿಕೊಂಡಿದೆ, ಇಲ್ಲವೇ 230 ವೋಲ್ಟ್ ಬರಬೇಕಾದಲ್ಲಿ ತೀರ ಕಡಿಮೆ ಬರುತ್ತಿದೆ. ಓಡದಿದ್ದರೆ ಕೆಪ್ಯಾಸಿಟರಿನ ಮೇಲೆ ಸಂಶಯಪಡಬೇಕು. ಪ್ಲಗ್ಗು ಕಿತ್ತ ಮೇಲೂ ಅದು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ, ಶಾಕ್ ಹೊಡೆಯುತ್ತದೆ. ಅದನ್ನು ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್ನರಿಗೇ ಇರಲಿ. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು, ವೋಲ್ಟ್ ಕಡಿಮೆ ಇರಕೂಡದು.

ಫ್ಯೂಸ್ ಪದೇ ಪದೇ ಹೋದರೆ ದಪ್ಪ ತಂತಿ ಕಟ್ಟುವ ಜಾಣರಿದ್ದಾರೆ. ಅದು ಹುಲ್ಲಿನ ಬಣವೆಯ ಪಕ್ಕ ಬೆಂಕಿ ಇಟ್ಟಂತೆ.

ಯಂತ್ರದ ಮೈ ಮುಟ್ಟಿದಾಗ ಜುಮ್ಮೆಂದರಂತೂ ಅದನ್ನು ನಡೆಸಲೇಬೇಡಿರಿ. ಕರೆಂಟು ಸೋರುವ ಜಾಗ, ಅರ್ಥಿಂಗ್ ಎರಡೂ ಸರಿಯಾಗುವವರೆಗೆ ಮೇವನ್ನು ಕುಡುಗೋಲಿನಲ್ಲೇ ಕತ್ತರಿಸಿರಿ.