ಭೂಕಂಪದ ತಿಂಗಳಲ್ಲಿ ಇಬ್ಬರು ಗೆಳೆಯರು

ಗಾಂಧೀಜಿ ಮತ್ತು ಗುರುದೇವ ರವೀಂದ್ರನಾಥ ಟ್ಯಾಗೋರರ ಸ್ನೇಹ ನಿಮಗೆ ಗೊತ್ತು. ಚರಕದ ಬಗ್ಗೆ ಅವರಿಬ್ಬರ ವಾದವೂ ಗೊತ್ತು. ನನ್ನ ಮಾತು 1934ರದ್ದು.

ಜನವರಿ 15ರಂದು ಬಿಹಾರದಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರು. ಹರಿಜನ ಪ್ರವಾಸದಲ್ಲಿದ್ದ ಗಾಂಧೀಜಿ ತಿರುನೆಲ್ವೇಲಿಯಲ್ಲಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರ ಶಿಕ್ಷೆ ಎಂದರು. 1932ರಲ್ಲಿ ಅದೇ ಅಸ್ಪೃಶ್ಯತೆಯ ಪ್ರಶ್ನೆಗಾಗಿ ಅವರು ಯರವಡಾ ಜೈಲಿನಲ್ಲಿ ಉಪವಾಸ ಕೂತಾಗ ಓಡಿಬಂದು ಪಕ್ಕದಲ್ಲಿ ಹಾಡಿದ್ದ ರವೀಂದ್ರರಿಗೆ ಈ ಮಾತು ಸಹಿಸಲಾಗಲಿಲ್ಲ. ಪ್ರಕೃತಿಯ ಘಟನೆಗೆ ಪ್ರಕೃತಿಯಲ್ಲೇ ಕಾರಣ ಹುಡುಕಬೇಕು; ಇದೇ ತರ್ಕ ಹಿಡಿದು ಸನಾತನಿಗಳು ನಿಮ್ಮ ಚಳವಳಿಯೇ ಪಾಪ ಎಂದರೆ ಏನು ಹೇಳುತ್ತೀರಿ ಎಂದು ಕಾಗದ ಬರೆದು ಆಕ್ಷೇಪಿಸಿದರು. ನಮ್ಮ ಈ ಸೀಮೆಯ ಎಷ್ಟೋ ಮನೆತನಗಳ ಹೊಲ, ಮನೆ ತುಂಗಭದ್ರೆಯ ಹಿನ್ನೀರಿಗೆ ಹೋದವು. ಅದು ನಿಮ್ಮ ಹಿರಿಯರ ಪಾಪದ ಫಲ ಎಂದು ಯಾರಾದರೂ ಅಂದರೆ ಒಪ್ಪುತ್ತೀರಾ?

ಖಾದಿ ಬಿಟ್ಟು ಬೇರೇನೂ ತೊಡದ ನಮ್ಮ ಮೇಷ್ಟ್ರು ಈ ಪಾಠ ಮಾಡುವಾಗ ಗಟ್ಟಿಯಾಗಿ ಹೇಳುತ್ತಿದ್ದರು: ‘ಗುರುದೇವರದ್ದೇ ಸರಿ. ಆದರೆ ಆ ಕಾಗದವನ್ನು ತನ್ನ ಪತ್ರಿಕೆಯಲ್ಲೇ ಅಚ್ಚುಹಾಕಿಸಿದವರು ಯಾರು, ಅದನ್ನೂ ನೋಡ್ರಪ್ಪ.’ ಫೆಬ್ರವರಿ 16ರ ‘ಹರಿಜನ’ದಲ್ಲಿ ಅದು ಬಂತು. ಜೊತೆಗೆ ಗಾಂಧೀಜಿಯ ಉತ್ತರವೂ ಬಂತು: ಇದನ್ನು ಸಾಧಿಸಿ ತೋರಿಸಲಾರೆ, ಆದರೂ ನಂಬುತ್ತೇನೆ.

ಮೇಷ್ಟ್ರು ಹೇಳದ ಒಂದು ಸಂಗತಿ ನನ್ನನ್ನು ಬಿಟ್ಟಿಲ್ಲ. ಅದೇ ಫೆಬ್ರವರಿಯ ಕೊನೆಗೆ ಗಾಂಧೀಜಿ ನಮ್ಮ ಕಾರವಾರದಲ್ಲಿದ್ದರು. ಅದಕ್ಕೂ ಅರ್ಧ ಶತಮಾನದ ಹಿಂದೆ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದಿದ್ದ ತರುಣ ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಆ ಊರಲ್ಲೇ. ಲೋಕವನ್ನೇ ಗೆದ್ದೆನೆಂದುಕೊಂಡ ಸಂನ್ಯಾಸಿಯ ಮೇಲೆ ಪ್ರಕೃತಿ ಸೇಡು ತೀರಿಸಿಕೊಳ್ಳುವ ಕಥೆ ಅದು. ಅಲ್ಲಿ ನೆಲ ನಡುಗುವುದಿಲ್ಲ, ಯಾರಿಗೂ ಶಿಕ್ಷೆಯಿಲ್ಲ. ಎಲ್ಲರೂ ಮುಟ್ಟದೆ ದೂರವಿಟ್ಟ ಒಬ್ಬ ಅನಾಥ ಹುಡುಗಿಯ ಮೇಲೆ ಅವನಿಗೆ ಮಮತೆ ಹುಟ್ಟುತ್ತದೆ, ಅಷ್ಟೆ. 1934ರ ವಾದಕ್ಕೆ ಕವಿಯ ಉತ್ತರ ಅಂದೇ ಸಿದ್ಧವಾಗಿತ್ತು ಎಂದು ನಾನು ನಂಬಿದ್ದೇನೆ.

ಸ್ನೇಹ ಮುರಿಯಲಿಲ್ಲ. 1936ರಲ್ಲಿ ರವೀಂದ್ರರ ವಿಶ್ವಭಾರತಿ ಸಾಲದಲ್ಲಿದ್ದಾಗ, ಇಳಿವಯಸ್ಸಿನ ಕವಿ ಹಣಕ್ಕಾಗಿ ಊರೂರು ತಿರುಗಬಾರದೆಂದು 60,000 ರೂಪಾಯಿ ಒದಗಿಸಿಕೊಟ್ಟವರು ಗಾಂಧೀಜಿಯೇ. ಆದರೆ ಭೂಕಂಪದ ಮಾತನ್ನು ಅವರು ಹಿಂತೆಗೆದುಕೊಳ್ಳಲಿಲ್ಲ.

ನಾನು ವಿಚಾರದ ಪಕ್ಷದವನು. ಆದರೂ ಕೇಳಿಕೊಳ್ಳುತ್ತೇನೆ: ಪಾಪದ ಭಯವಿಲ್ಲದೆ ಬರೀ ತರ್ಕದಿಂದ ಆ ಕಾಲದಲ್ಲಿ ಎಷ್ಟು ಗುಡಿಗಳ ಬಾಗಿಲು ತೆರೆಯುತ್ತಿದ್ದವು? ಆ ಭಯದಿಂದ ತೆರೆದವೆಂದೇ ಇಟ್ಟುಕೊಳ್ಳಿ. ಬಿಹಾರದಲ್ಲಿ ಗೋಡೆ ಬಿದ್ದು ಮಗುವನ್ನು ಕಳೆದುಕೊಂಡ ದಲಿತ ತಾಯಿಗೆ ಇದು ಪಾಪದ ಶಿಕ್ಷೆ ಎಂಬ ಮಾತನ್ನು ಯಾವ ಬಾಯಿಂದ ಹೇಳುವುದು?