ಕೇಳಿಸುವುದು ಬೇರೆ, ತಿಳಿಯುವುದು ಬೇರೆ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಟ್ರಸ್ಟಿಗೆ ಈ ವರ್ಷ ಬಂದ ಅರ್ಜಿಗಳಲ್ಲಿ ಶ್ರವಣಯಂತ್ರಕ್ಕೆ ನೆರವು ಕೇಳಿದವೂ ಇವೆ. ಅವನ್ನು ನೋಡುವಾಗ ದಾನಿಯೊಬ್ಬರು ಕೇಳಿದರು: "ಹೋದ ಸಲ ಒಂದು ಮಗುವಿಗೆ ಯಂತ್ರ ಕೊಡಿಸಿದೆವು. ಮಾತು ಇನ್ನೂ ಸ್ಪಷ್ಟವಾಗಿಲ್ಲ. ಹಣ ವ್ಯರ್ಥವಾಯಿತೇ?" ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಲೆಂದೇ ಇಂದು ನಿಂತಿದ್ದೇವೆ.

ಹಾಲು, ಕಾಲು, ಸಾಲು, ಪಾಲು. ಈ ನಾಲ್ಕು ಪದಗಳಲ್ಲಿ ವ್ಯತ್ಯಾಸವಿರುವುದು ಮೊದಲ ವ್ಯಂಜನದಲ್ಲಿ ಮಾತ್ರ. ಸ್ವರಗಳು ಗಟ್ಟಿ, ಅವುಗಳ ಬಲ ಕೆಳಗಿನ ಕಂಪನಗಳಲ್ಲಿದೆ. 'ಸ' ದನಿ ಹಾಗಲ್ಲ. ಅದು ಬಲಹೀನ, ಅದರ ಹೆಚ್ಚಿನ ಭಾಗ 4,000 ಹರ್ಟ್ಜ್‌ಗಿಂತ ಮೇಲಿದೆ. ಅನೇಕ ಮಕ್ಕಳಲ್ಲಿ ಮೊದಲು ಕುಂದುವುದೂ ಆ ಮೇಲಿನ ಭಾಗವೇ. ಅಂಥ ಮಗುವಿಗೆ ನಾಲ್ಕೂ ಪದಗಳು "ಆಲು" ಎಂದೇ ಕೇಳಿಸಬಹುದು. ಹೆಸರು ಕೂಗಿದರೆ ಮಾತ್ರ ತಿರುಗಿ ನೋಡುತ್ತದೆ. ಮನೆಯವರು "ಕಿವಿ ಚೆನ್ನಾಗಿದೆ, ಗಮನ ಇಲ್ಲ ಅಷ್ಟೆ" ಅನ್ನುತ್ತಾರೆ. ಶಾಲೆಯಲ್ಲಿ ದಡ್ಡ ಎಂಬ ಹೆಸರು ಬೀಳುತ್ತದೆ. ಮದ್ರಸದಲ್ಲಿ ಸೀನ್, ಸ್ವಾದ್, ಸಾ ಮೂರನ್ನೂ ಒಂದೇ ಮಾಡಿ ಓದುತ್ತಾನೆಂದು ಗದರಿಕೆ. ಕೇಳದ ಅಕ್ಷರವನ್ನು ನಾಲಗೆ ಎಲ್ಲಿಂದ ತರಬೇಕು?

ಜೋರಾಗಿ ಕೂಗಿದರೂ ಇದು ಸರಿಹೋಗದು. ಕೂಗಿದಾಗ ಬೆಳೆಯುವುದು ಹೆಚ್ಚಾಗಿ ಸ್ವರ. ವ್ಯಂಜನ ಅದರ ಕೆಳಗೆ ಮುಚ್ಚಿಹೋಗುತ್ತದೆ. ಆದ್ದರಿಂದ ಒಳ್ಳೆಯ ಯಂತ್ರ ಎಲ್ಲವನ್ನೂ ಒಂದೇ ಸಮನೆ ದೊಡ್ಡದು ಮಾಡುವುದಿಲ್ಲ. ಆಡಿಯೋಗ್ರಾಮ್ ನೋಡಿ, ಎಲ್ಲಿ ಕೊರತೆಯಿದೆಯೋ ಅಲ್ಲಿ ಬೇಕಾದಷ್ಟು ಮಾತ್ರ ಏರಿಸುವಂತೆ ಅದನ್ನು ಹೊಂದಿಸಬೇಕು. ಪರೀಕ್ಷೆಯಿಲ್ಲದೆ ಅಂಗಡಿಯಲ್ಲಿ ಕೊಂಡು ತರುವ ಯಂತ್ರವನ್ನು ಮಕ್ಕಳಿಗೆ ಹಾಕಬೇಡಿ.

ಅಮೆರಿಕದ ಒಮಾಹಾ ನಗರದ ಬಾಯ್ಸ್ ಟೌನ್ ಸಂಶೋಧನಾ ಆಸ್ಪತ್ರೆಯಲ್ಲಿ ಪೆಟ್ರೀಷಿಯಾ ಸ್ಟೆಲ್ಮಕೊವಿಚ್ ಮತ್ತು ಸಂಗಡಿಗರು 2001ರ ಸುಮಾರಿಗೆ ಈ 'ಸ' ದನಿಯನ್ನೇ ಹಿಡಿದು ಮಕ್ಕಳನ್ನು ಪರೀಕ್ಷಿಸಿದರು. ಗಂಡಸಿನ 'ಸ'ಗಿಂತ ಹೆಂಗಸಿನ 'ಸ' ಇನ್ನೂ ಮೇಲಿನ ಕಂಪನದಲ್ಲಿದೆ. ಅದನ್ನು ಚೆನ್ನಾಗಿ ಗುರುತಿಸಲು ಮಕ್ಕಳಿಗೆ ಸುಮಾರು 9,000 ಹರ್ಟ್ಜ್ ತನಕ ದನಿ ಬೇಕಾಯಿತು. ಆ ಕಾಲದ ಯಂತ್ರಗಳೋ, 5–6 ಸಾವಿರದ ಆಸುಪಾಸಿನಲ್ಲೇ ನಿಂತುಬಿಡುತ್ತಿದ್ದವು. ಎಳೆ ಮಗು ದಿನವಿಡೀ ಕೇಳುವುದು ಯಾರ ದನಿ? ಉಮ್ಮನದು, ಅಕ್ಕನದು. ಅರ್ಥಾತ್, ಅತಿ ಹೆಚ್ಚು ಕಲಿಸುವ ದನಿಯಲ್ಲೇ ಅಕ್ಷರ ಸೋರಿಹೋಗುತ್ತಿತ್ತು. ದೊಡ್ಡವರಾದ ನಾವು ಬಿಟ್ಟುಹೋದ ಅಕ್ಷರವನ್ನು ಊಹಿಸಿ ತುಂಬಿಕೊಳ್ಳುತ್ತೇವೆ, ನಮಗೆ ಭಾಷೆ ಗೊತ್ತು. ಮಗುವಿಗೆ ಊಹಿಸಲು ಮೊದಲು ಭಾಷೆ ಬರಬೇಕಲ್ಲ.

ಅದಕ್ಕೇ ವಯಸ್ಸು ಮುಖ್ಯ. ಕೊಲರಾಡೋದಲ್ಲಿ ಕ್ರಿಸ್ಟೀನ್ ಯೋಶಿನಾಗ ಇಟಾನೊ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ದೋಷ ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಬಹಳ ಮುಂದಿತ್ತು. "ನಮ್ಮ ಮನೆತನದಲ್ಲಿ ಎಲ್ಲರಿಗೂ ಮಾತು ತಡ" ಎಂದು ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹಸುಗೂಸಿನ ಕಿವಿಯನ್ನೂ ಅಲ್ಲಿ ಪರೀಕ್ಷಿಸುತ್ತಾರೆ.

ಇನ್ನು ಆ ದಾನಿಗಳ ಪ್ರಶ್ನೆಗೆ ಬರುತ್ತೇವೆ. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ, ಆದಾಯ ಮಿತಿಯೊಳಗಿನವರಿಗೆ ಯಂತ್ರ ಸಿಗುತ್ತದೆ. ಕುಟುಂಬ ಸೋಲುವುದು ಅದರ ನಂತರದ ಸಣ್ಣ ಖರ್ಚುಗಳಲ್ಲಿ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲವಾಗಿ ಯಂತ್ರ ಕುಂಯ್‌ಗುಟ್ಟುತ್ತದೆ, ಮಗು ಕಿತ್ತೆಸೆಯುತ್ತದೆ. ಹೊಸ ಅಚ್ಚು ಬೇಕು. ಬ್ಯಾಟರಿ ಮುಗಿಯುತ್ತದೆ. ಮಾತಿನ ತರಬೇತಿಗೆ ಹೋಗಿಬರಲು ಬಸ್ ಚಾರ್ಜು, ಆ ದಿನದ ಕೂಲಿಯೂ ಹೋಯಿತು. ಹೀಗೆ ಯಂತ್ರ ಬೀರು ಸೇರುತ್ತದೆ. ಆದ್ದರಿಂದ ನಮ್ಮ ಬಿನ್ನಹ: ಹತ್ತು ಯಂತ್ರ ಕೊಡುವ ಹಣವಿದ್ದರೆ ಐದು ಮಕ್ಕಳನ್ನು ಆರಿಸಿ, ಮೂರು ವರ್ಷ ಅಚ್ಚು, ಬ್ಯಾಟರಿ, ಪ್ರಯಾಣ ನೋಡಿಕೊಳ್ಳೋಣ. ಫೋಟೋಗೆ ಐದೇ ಮಕ್ಕಳು ನಿಲ್ಲುತ್ತಾರೆ, ನಿಲ್ಲಲಿ.

ತಾಯಂದಿರಿಗೆ ಎರಡು ಮಾತು. ಬೆಳಿಗ್ಗೆ ಯಂತ್ರ ಹಾಕಿದ ಮೇಲೆ ಮಗುವಿನ ಹಿಂದೆ ನಿಂತು ಮ್, ಊ, ಆ, ಈ, ಶ್, ಸ್ ಎಂದು ಒಂದೊಂದಾಗಿ ಸಾಮಾನ್ಯ ದನಿಯಲ್ಲಿ ಹೇಳಿ, ಕೇಳಿಸಿದಾಗ ಕೈ ಎತ್ತಲಿ. ಇದು ಕೆನಡಾದ ಡೇನಿಯಲ್ ಲಿಂಗ್ ರೂಪಿಸಿದ ಪರೀಕ್ಷೆ, ಖರ್ಚಿಲ್ಲ. ನಿನ್ನೆ ಕೇಳಿಸಿದ 'ಸ್' ಇಂದು ಕೇಳಿಸದಿದ್ದರೆ ಬ್ಯಾಟರಿ, ಅಚ್ಚು ನೋಡಿ. ಬ್ಯಾಟರಿ ಬಾಯಿಗೆ ಹೋಗದಂತೆ ಎಚ್ಚರ, ನುಂಗಿದರೆ ಜೀವಕ್ಕೆ ಅಪಾಯ. ಹೆಣ್ಣುಮಕ್ಕಳ ತಲೆವಸ್ತ್ರ ಯಂತ್ರದ ಮೈಕಿಗೆ ಉಜ್ಜಿದರೆ ಸರಸರ ಸದ್ದು ಮಾತನ್ನು ನುಂಗುತ್ತದೆ. ಅಲ್ಲಿ ತೆಳುವಾದ ಬಟ್ಟೆ ಸಡಿಲವಾಗಿರಲಿ. "ಯಂತ್ರ ಕಂಡರೆ ನಾಳೆ ಸಂಬಂಧ ಕೂಡಿಬರುವುದಿಲ್ಲ" ಎಂದು ತೆಗೆದಿಡುವುದು ಮಾತ್ರ ಬೇಡ. ಓದಲು ಬಾರದ ಮಗಳ ಕಷ್ಟ ಅದಕ್ಕಿಂತ ದೊಡ್ಡದು.

ಶಿಕ್ಷಕರು, ಉಸ್ತಾದರು ಈ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ. ದೂರ ಎರಡು ಪಟ್ಟಾದರೆ ಮಾತಿನ ಬಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಫ್ಯಾನಿನ ಸದ್ದು ಇಳಿಯುವುದಿಲ್ಲ.

ಅರ್ಜಿ ಹಾಕುವವರು ಆಡಿಯೋಗ್ರಾಮಿನ ಪ್ರತಿಯನ್ನೂ, ಯಂತ್ರ ಈಗಾಗಲೇ ಇದ್ದರೆ ಅಚ್ಚು ಯಾವಾಗ ಮಾಡಿಸಿದ್ದೆಂಬುದನ್ನೂ ಜೊತೆಗೆ ಕೊಡಿ. ಪರೀಕ್ಷೆಯೇ ಆಗಿಲ್ಲದವರು ಸಭೆ ಮುಗಿದ ಮೇಲೆ ಇಲ್ಲೇ ಹೆಸರು ಬರೆಸಿ ಹೋಗಿ.